ಕುಳ್ಳನಿಗೊಂದು ಪತ್ರ, ಮಿಗ್ ಹೋದ್ಮೇಲೆ

ಲೋ ಕುಳ್ಳಾ,

ವಾಟ್ಸಾಪಲ್ಲೇ ಹೇಳೋಣ ಅಂತ ವಾಯ್ಸ್ ಮೆಸೇಜ್ ಮೂರು ಸಲ ಶುರು ಮಾಡಿ ಮೂರು ಸಲಾನೂ ಡಿಲೀಟ್ ಮಾಡ್ದೆ, ಬಾಯಲ್ಲಿ ಬರ್ಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಓದೋರು ಓದ್ಕೊಳ್ಲಿ, ಪ್ಲಾಸ್ಟಿಕ್ ಮಾಡೆಲ್ ಕಟ್ಟೋರು ನಮ್ಮೂರಲ್ಲಿ ಇನ್ನೂ ಒಂದಷ್ಟು ಜನ ಇದಾರೆ, ಅವ್ರ ಮನೇಲೂ ಮಕ್ಕಳಿರ್ತವೆ. ಬಾಳೆಹಣ್ಣು ಪೈಲಟ್ ವಿಷ್ಯ ಮಾತ್ರ ಎತ್ತಲ್ಲ, ಧೈರ್ಯವಾಗಿರು.

ಸೆಪ್ಟೆಂಬರ್ 26ಕ್ಕೆ ಮಿಗ್-21 ಯುದ್ಧವಿಮಾನಾನ ಬೀಳ್ಕೊಟ್ಟಿದ್ದು ನೋಡಿದ್ಯಾ ಅಲ್ಲಿ ಜರ್ಮನೀಲಿ ಕೂತ್ಕೊಂಡು? 1963ರಲ್ಲಿ ಚಂಡೀಗಢದಲ್ಲೇ ಏರ್‌ಫೋರ್ಸ್ ಸೇರಿದ್ದು, 62 ವರ್ಷ ಆದ್ಮೇಲೆ ಅದೇ ಚಂಡೀಗಢದಲ್ಲಿ ಕೊನೇ ಸಲ ಇಳೀತು. ಎರಡೂ ಕಡೆಯಿಂದ ನೀರು ಚಿಮ್ಮಿಸಿ ಸಲ್ಯೂಟ್ ಕೊಟ್ರು. ನಾನು ಟಿವಿ ಮುಂದೆ ಒಬ್ನೇ ಇದ್ದೆ, ಗಂಟಲು ಕಟ್ಕೊಳ್ತು. ಕಸ್ತೂರಬಾ ರಸ್ತೆ ಮ್ಯೂಸಿಯಂ ಅಂಗಳದಲ್ಲಿ ಮರುತ್ ವಿಮಾನದ ಕೆಳಗೆ ನಿಂತ್ಕೊಂಡು ನೀನು ರಿವೆಟ್ ಎಣಿಸ್ತಿದ್ದಿದ್ದು, ವಾಚ್‌ಮನ್ ಬಂದು ಬೈದಿದ್ದು, ಎಲ್ಲಾ ಒಟ್ಟಿಗೆ ನೆನಪಾಯ್ತು. ನಿಮ್ಮ ಮಾವ ಲಂಡನ್ನಿಂದ ತಂದಿದ್ದ ಏರ್‌ಫಿಕ್ಸ್ ಕಂಪ್ನಿ ಸ್ಪಿಟ್‌ಫೈರ್ ವಿಮಾನದ ಮಾಡೆಲ್‌ನ ನಿಮ್ಮನೆ ತಾರಸಿ ಮೇಲೆ ಕಟ್ಟಿದ್ವಲ್ಲ, ಅಲ್ಲಿಂದ ಹಿಡಿದಿರೋ ಹುಚ್ಚು ಇವತ್ತಿಗೂ ಬಿಟ್ಟಿಲ್ಲ ನೋಡು.

ಸರಿ, ನಾನು ಕಟ್ಟಿದ ಮಿಗ್ ಫೋಟೋ ಹಾಕೋಣ ಅಂತ ಅಟ್ಟದ ಮೇಲಿಂದ ಶೂ ಬಾಕ್ಸ್ ಇಳಿಸ್ದೆ. ನೆನಪಿದ್ಯಾ ಆ ಮಿಗ್? ಮಿಗ್-21ರಲ್ಲೇ ಎಫ್‌ಎಲ್ ಅನ್ನೋ ಮಾದರಿ, ಶುರುವಿನಲ್ಲಿ ಇದ್ದ ಹಾಗೆ ಪೂರ್ತಿ ಸಿಲ್ವರ್, 1/72. ಅಂದ್ರೆ ಆರಡಿ ಆಳು ಸರಿಯಾಗಿ ಒಂದಿಂಚು ಆಗೋ ಅಳತೆ. ಸಿಲ್ವರ್ ಪೇಂಟಿನ ಗೋಳು ಕಟ್ಟಿದವರಿಗೇ ಗೊತ್ತು, ಎರಡು ಭಾಗ ಸೇರೋ ಜಾಗದ ಗೆರೆ ಕೂದಲೆಳೆಯಷ್ಟು ಉಳಿದಿದ್ರೂ ಎದ್ದು ಕಾಣತ್ತೆ, 400ರ ಸ್ಯಾಂಡ್‌ಪೇಪರಿಂದ ಶುರು ಮಾಡಿ 2000ದವರೆಗೂ ಉಜ್ಜಿ, ಪೇಂಟ್ ಹೊಡೆದು, ಗೀರು ಕಂಡು, ಮತ್ತೆ ಉಜ್ಜಿ. ನಾಲ್ಕು ತಿಂಗಳು ಕೂತಿದ್ದೆ. ಆಗ ನನ್ನ ಮಗಳಿಗೆ ಎಂಟು ವರ್ಷ, ಪಕ್ಕದಲ್ಲೇ ಮೊಣಕಾಲೂರಿ ಕೂತಿರೋಳು. ಆಂಟೆನಾಗೆ ಸ್ಪ್ರೂ ಎಳೆಯೋದು ಅವಳದೇ ಕೆಲ್ಸ. ಬೇಡದಿರೋ ಪ್ಲಾಸ್ಟಿಕ್ ಕಡ್ಡೀನ ಮೇಣದಬತ್ತಿ ಜ್ವಾಲೆಗೆ ತಾಗಿಸ್ದೆ ಸ್ವಲ್ಪ ಮೇಲೆ ಹಿಡಿದು ತಿರುಗಿಸ್ತಾ ಇರ್ಬೇಕು, ಮಧ್ಯದಲ್ಲಿ ಮೆತ್ತಗಾಗಿ ಹೊಳಪು ಬಂದ ತಕ್ಷಣ ಬೆಂಕಿಯಿಂದ ಆಚೆ ತಂದು ನಿಧಾನಕ್ಕೆ ಎಳೆದ್ರೆ ಕೂದಲಿನಷ್ಟು ತೆಳ್ಳಗೆ ಬರತ್ತೆ. ಅವಸರ ಮಾಡಿದ್ರೆ ಪಟ್ ಅನ್ನತ್ತೆ. ಅವಳಿಗೆ ಆ ಹದ ನನಗಿಂತ ಚೆನ್ನಾಗಿ ಗೊತ್ತಿತ್ತು ಕಣೋ.

ಒಂದಿನ ನಾನು ಆಫೀಸಿಂದ ಬರೋಷ್ಟ್ರಲ್ಲಿ ಅವಳು ಅದನ್ನ ಎತ್ಕೊಂಡು ಫ್ರೆಂಡಿಗೆ ತೋರಿಸೋಕೆ ಹೋಗಿ ಬೀಳಿಸಿದ್ಲು. ಮೂತಿ ಮುಂದೆ ಉದ್ದಕ್ಕೆ ಚಾಚಿರೋ ಪಿಟೋ ಟ್ಯೂಬ್, ಗಾಳಿ ವೇಗ ಅಳೆಯೋ ಸೂಜಿ, ಅದು ಮುರೀತು, ಕ್ಯಾನಪಿ, ಪೈಲಟ್ ತಲೆ ಮೇಲಿರೋ ಗಾಜಿನ ಮುಚ್ಚಳ, ಹಾರಿ ಸೋಫಾ ಕೆಳಗೆ ಹೋಯ್ತು. ನಾನು ಏನಂದೆ ಗೊತ್ತಾ? ಆ ಫ್ರೆಂಡ್ ಎದುರಿಗೇ, "ನಿನ್ನ ಕೈ ಮುಟ್ಟಿದ್ದೆಲ್ಲಾ ಹಾಳು, ಇನ್ಮೇಲೆ ನನ್ನ ಟೇಬಲ್ ಹತ್ರ ಬರಬೇಡ" ಅಂದೆ. ಅವಳು ಅಳ್ಲಿಲ್ಲ. ಚೂರುಗಳನ್ನ ಆಯ್ದು ನನ್ನ ಕೈಗೆ ಕೊಟ್ಲು. ನಾನು ಎಲ್ಲಾನೂ ಶೂ ಬಾಕ್ಸಿಗೆ ಹಾಕಿ ಕಪಾಟಿನ ಮೇಲೆ ಎಸೆದೆ, ಆಮೇಲೆ ಮನೆ ಬದಲಾಯಿಸಿದಾಗ ಅದು ಹಾಗೇ ಅಟ್ಟ ಸೇರ್ತು. ತೆಗೆದು ನೋಡೇ ಇರ್ಲಿಲ್ಲ, ಹತ್ತು ವರ್ಷ.

ಮೊನ್ನೆ ತೆಗೆದ್ರೆ ಮಿಗ್ ರಿಪೇರಿ ಆಗಿದೆ.

ನಾನು ಮಾಡಿದ್ದಲ್ಲ. ಕ್ಯಾನಪಿ ಅದರ ಜಾಗದಲ್ಲಿ ಕೂತಿದೆ, ಒಂಚೂರು ಸೊಟ್ಟ. ಅಡುಗೆಮನೆ ಡ್ರಾಯರಲ್ಲಿ ಇರ್ತಿತ್ತಲ್ಲ, ಚಪ್ಪಲಿಗೆ ಹಾಕೋ ಸೂಪರ್ ಗ್ಲೂ, ಅದ್ರಲ್ಲಿ ಅಂಟ್ಸಿದಾಳೆ, ಗಾಜೆಲ್ಲಾ ಮಂಜು ಹಿಡಿದ ಹಾಗೆ ಬೆಳ್ಳಗಾಗಿದೆ. ನಾವು ಯಾರೂ ಕ್ಯಾನಪಿಗೆ ಸೂಪರ್ ಗ್ಲೂ ಹಾಕಲ್ಲ ಯಾಕೆ ಹೇಳು, ಅದರ ಆವಿ ಹೋಗಿ ಕೂತು ಬಿಳಿ ಪೊರೆ ಕಟ್ಟತ್ತೆ ಅಂತ. ಅದ್ರಲ್ಲೂ ಬೆರಳಿನ ಬೆವರು ಎಣ್ಣೆ ಇರೋ ಕಡೆ ಆವಿ ಜಾಸ್ತಿ ಹಿಡ್ಕೊಳತ್ತೆ. ಪೊಲೀಸ್ನೋರು ಬೆರಳಚ್ಚು ಎಬ್ಬಿಸೋಕೆ ಇದೇ ಗ್ಲೂನ ಒಂದು ಮುಚ್ಚಿದ ಪೆಟ್ಟಿಗೇಲಿಟ್ಟು ಬಿಸಿ ಮಾಡೋದು. ಇವಳು ಅಂಟ್ಸಿ, ನನಗೆ ಗೊತ್ತಾಗ್ಬಾರ್ದು ಅಂತ ತಕ್ಷಣ ಮುಚ್ಚಳ ಹಾಕಿಬಿಟ್ಟಿದಾಳೆ ಅನ್ಸತ್ತೆ. ಲೈಟ್ ಕೆಳಗೆ ಭೂತಗನ್ನಡಿ ಹಿಡಿದು ನೋಡ್ದೆ ಕುಳ್ಳಾ, ಕಡ್ಲೆಬೀಜದಷ್ಟಿರೋ ಆ ಕ್ಯಾನಪಿ ಮೇಲೆ ಒಂದು ಪುಟ್ಟ ಹೆಬ್ಬೆರಳಿನ ಗೆರೆಗಳು, ಒಂದೊಂದೂ ಎಣಿಸ್ಬೋದು. ಗ್ಲೂ ಒಣಗೋವರೆಗೂ ಒತ್ತಿ ಹಿಡ್ಕೊಂಡು ಕೂತಿದಾಳೆ.

ಪಿಟೋ ಟ್ಯೂಬ್ ಇದ್ಯಲ್ಲ, ಅದು ಸ್ಪ್ರೂ ಎಳೆದು ಮಾಡಿರೋದು. ಒಬ್ಬಳೇ ಮೇಣದಬತ್ತಿ ಹಚ್ಕೊಂಡು. ಎಂಟು ವರ್ಷದ ಮಗು. ತುದಿ ಸ್ವಲ್ಪ ಬಗ್ಗಿದೆ ಅಷ್ಟೇ, ದಪ್ಪ ಸರಿಯಾಗಿದೆ.

ಇನ್ನೊಂದು ಹೇಳ್ತೀನಿ, ಇದನ್ನ ಬರೀಬೇಕು ಅಂತ ಇರ್ಲಿಲ್ಲ. ಇಷ್ಟು ವರ್ಷ ಯಾರಾದ್ರೂ ಕೇಳಿದ್ರೆ ನಾನು ಹೇಳ್ತಿದ್ದಿದ್ದು "ನನ್ನ ಮಗಳಿಗೆ ಇದ್ರಲ್ಲಿ ಇಂಟರೆಸ್ಟ್ ಇಲ್ಲ" ಅಂತ. ನಿಂಗೂ ಹೇಳಿದೀನಿ. ಹೇಳಿ ಹೇಳಿ ನಾನೇ ನಂಬಿದ್ದೆ. ಆವತ್ತಿನಿಂದ ಅವಳು ಟೇಬಲ್ ಹತ್ರ ಬಂದಿಲ್ಲ, ಟೀ ಕೊಡೋಕೆ ಬಂದ್ರೂ ಬಾಗಿಲಲ್ಲೇ ನಿಂತು "ಅಪ್ಪಾ ಟೀ" ಅನ್ನೋಳು, ನಾನು ಎದ್ದು ಹೋಗಿ ತಗೋಬೇಕು. ದೊಡ್ಡೋಳಾದ್ಲು, ನಾಚಿಕೆ, ಫೋನು, ಅಂತ ಏನೇನೋ ಕಾರಣ ಕೊಟ್ಕೊಂಡಿದ್ದೆ. ನಾನು ಬರಬೇಡ ಅಂದಿದ್ದೆ, ಅವಳು ಬರ್ಲಿಲ್ಲ, ಅಷ್ಟೇ ಆಗಿದ್ದು. ಈಗ ಸುರತ್ಕಲ್‌ನಲ್ಲಿ ಹಾಸ್ಟೆಲಲ್ಲಿದಾಳೆ. ದಿನಾ ರಾತ್ರಿ ಫೋನ್ ಮಾಡ್ತೀವಿ, ಊಟ ಆಯ್ತಾ, ಮಳೆ ಬರ್ತಿದ್ಯಾ. ಮಿಗ್ ವಿಷ್ಯ ಬಾಯಿಗೆ ಬರತ್ತೆ, ನುಂಗ್ಕೊತೀನಿ.

ಆ ಮಂಜು ತೆಗೆಯೋದು ನಂಗೆ ಒಂದ್ ಗಂಟೆ ಕೆಲ್ಸ, 2000ದ ಪೇಪರು, ಆಮೇಲೆ ಪಾಲಿಶ್, ಕನ್ನಡಿ ಥರ ಆಗತ್ತೆ. ಮುಟ್ಟಲ್ಲ. ಮೇಜಿನ ಮಧ್ಯದಲ್ಲಿ ಹಾಗೇ ಇಟ್ಟಿದೀನಿ, ಫೋಟೋನೂ ಹಾಕ್ಲಿಲ್ಲ. ದೀಪಾವಳಿಗೆ ಬರ್ತಾಳೆ, ಅವಳು ಮೊದ್ಲು ನೋಡ್ಲಿ. ಏನು ಹೇಳ್ಬೇಕು ಅಂತ ದಿನಾ ರಿಹರ್ಸಲ್ ನಡೀತಿದೆ, ನಿನ್ನೆಯಂತೂ ಕುಕ್ಕರ್ ಮುಂದೆ ನಿಂತು ಜೋರಾಗಿ ಹೇಳ್ಕೊಂಡೆ, ನನ್ನ ಹೆಂಡ್ತಿ ಬಂದು "ಯಾರ ಹತ್ರ ಮಾತಾಡ್ತಿದೀರಾ" ಅಂತ ಕೇಳಿದ್ಲು.

ಹೋಗ್ಲಿ ಬಿಡು, ಜಾಸ್ತಿ ಬರೆದೆ. ನೀನು ಡಿಸೆಂಬರಲ್ಲಿ ಬರೋದು ಗ್ಯಾರಂಟಿನಾ? ಬರೋದಾದ್ರೆ ಅಲ್ಲಿಂದ ರೆವೆಲ್ ಕಂಪ್ನಿದು ಯಾವ್ದಾದ್ರೂ ದೊಡ್ಡ ಮಾಡೆಲ್ ಡಬ್ಬ ತಗೊಂಬಾ, ಇಬ್ರು ಕೂತು ಕಟ್ಟೋವಷ್ಟು ದೊಡ್ಡದು. ಮತ್ತೆ ಚೂಪು ಕಟರ್ ಒಂದು, ಸಣ್ಣ ಕೈಗೆ ಹಿಡಿಯೋವಂಥದ್ದು. ಅವಳ ಕೈ ಈಗ್ಲೂ ಅವ್ರಮ್ಮನ ಥರ ಸಣ್ಣದೇ.

ಬಾಳೆಹಣ್ಣು ಪೈಲಟ್ ಚೆನ್ನಾಗಿದಾನೆ. ನಿನ್ನ ಕೇಳ್ದ.

ನಿನ್ನ,
ತಾರಸಿ ಪಾರ್ಟ್‌ನರ್