ಅಪಘಾತ ಪರಿಹಾರ ಪ್ರಕರಣ: ತಜ್ಞರ ಸಾಕ್ಷ್ಯದ ಬಗ್ಗೆ

ಹಾಸನದ ಕಿರಿಯ ವಕೀಲ ಮಿತ್ರರೇ,

ಗಾಯಾಳು ಇನ್ನೆಷ್ಟು ವರ್ಷ ಬದುಕಿಯಾನು ಎಂದು ತಜ್ಞರಿಂದ ಹೇಳಿಸಬೇಕೇ ಎಂದು ನಿನ್ನೆ ಒಬ್ಬರು ಇಲ್ಲಿ ಕೇಳಿದ್ದರು. ಸಾಮಾನ್ಯವಾಗಿ ಬೇಕಿಲ್ಲ. ಆ ಲೆಕ್ಕ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಗುಣಕದಲ್ಲೇ (ವಾರ್ಷಿಕ ಗಳಿಕೆಯ ನಷ್ಟವನ್ನು ಗುಣಿಸುವ, ವಯಸ್ಸಿಗೆ ತಕ್ಕ ಸಂಖ್ಯೆ) ಅಡಗಿದೆ: ವಯಸ್ಸು 32 ಆದರೆ 16, 58 ಆದರೆ 9. ಇಂಗ್ಲೆಂಡಿನಲ್ಲೂ ಆಯಸ್ಸಿನ ಅಂಕಿಅಂಶಗಳಿಂದ ಗುಣಕ ಕೊಡುವ ಆಗ್ಡನ್ ಕೋಷ್ಟಕಗಳೇ ಆಧಾರ. ಗಾಯವೇ ಆಯಸ್ಸನ್ನು ಕುಗ್ಗಿಸುವಂತಹ ವಿಶೇಷ ಕಾರಣವಿದ್ದರೆ ಮಾತ್ರ ಪ್ರತ್ಯೇಕ ವರದಿಗೆ ಅವಕಾಶ.

ನಾವು ಎಡವುತ್ತಿರುವುದು ಬೇರೆ ಕಡೆ. ಸಕಲೇಶಪುರದ ತೋಟದಲ್ಲಿ ಏಣಿ ಹತ್ತಿ ಕಾಳುಮೆಣಸು ಕೊಯ್ಯುವವನನ್ನು ನೆನೆಯಿರಿ. ಮೊಣಕಾಲು ಮಡಚದಿದ್ದರೆ ಅವನ ದುಡಿಮೆಯೇ ನಿಂತಂತೆ. ಮೇಜಿನ ಮುಂದೆ ಕೂರುವ ಗುಮಾಸ್ತನಿಗೆ ಹಾಗಲ್ಲ. ಕಾಲಿನ ಅಂಗವೈಕಲ್ಯದ ಶೇಕಡಾವಾರು ಬೇರೆ, ಗಳಿಕೆಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟಿನ 2010ರ ರಾಜ್ ಕುಮಾರ್ ತೀರ್ಪು ಬಿಡಿಸಿ ಹೇಳಿದೆ. ಆದರೂ ಬರೀ ಅಂಗವೈಕಲ್ಯದ ಪ್ರಮಾಣಪತ್ರ ಹಾಜರುಪಡಿಸಿ ಕೈಕಟ್ಟಿ ಕೂರುತ್ತೇವೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಚಿಕಿತ್ಸೆ ನೀಡಿದ ಅಥವಾ ಪರೀಕ್ಷಿಸಿದ ವೈದ್ಯರನ್ನೇ ಸಾಕ್ಷಿಕಟ್ಟೆಗೆ ಕರೆಸಿ. ಈತ ಏಣಿ ಹತ್ತಬಲ್ಲನೇ, ಮೂಟೆ ಹೊರಬಲ್ಲನೇ ಎಂದು ನೇರವಾಗಿ ಕೇಳಿ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ತಜ್ಞರ ಅಭಿಪ್ರಾಯ 39ನೇ ಕಲಂನಲ್ಲಿದೆ, ಹಳೆಯ ಸಾಕ್ಷ್ಯ ಕಾಯ್ದೆಯ 45 ಅಲ್ಲ. ಬಾಕಿ ಕಡತಗಳಿದ್ದರೆ ಶುಕ್ರವಾರ ಸಂಜೆ ತನ್ನಿ, ಪ್ರಶ್ನೆಗಳನ್ನು ಒಟ್ಟಿಗೆ ಕುಳಿತು ಬರೆಯೋಣ.