ಗೆಳೆಯನಿಗೊಂದು ಪತ್ರ: ಹಳೇ ದೋಣಿ, ಹೊಸ ದಣಿ

ಪ್ರೀತಿಯ ಕೊಕ್ಕರೆ,

ನಿನಗೆ ವಾಟ್ಸಾಪ್ ಮಾಡಿದರೆ ನೀಲಿ ಗೀಟು ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ನಿನಗೆ ಮರ್ಯಾದೆ ಜಾಸ್ತಿ, ಅಲ್ವಾ? ವಿಷಯ ಇಷ್ಟೇ. ನಾನು ದೋಣಿ ತಗೊಂಡೆ.

ನಗು. ಪೂರ್ತಿ ನಕ್ಕು ಮುಗಿಸಿ ಆಮೇಲೆ ಮುಂದೆ ಓದು.

ಹೊಸದಲ್ಲ, ಹಳೇದು. ಮಲ್ಪೆಯ ಪರ್ಸೀನ್ ಬೋಟು, ಹತ್ತು ದಿನ ಆಳಕ್ಕೆ ಹೋಗುವ ಟ್ರಾಲ್ ಬೋಟು ಅಂತೆಲ್ಲ ಕಲ್ಪಿಸಿಕೊಳ್ಳಬೇಡ. ಫೈಬರಿನ ನಾಡದೋಣಿ. ಹಿಂದೆ ಒಂದು 9.9 ಅಶ್ವಶಕ್ತಿಯ ಎಂಜಿನ್, ಜೊತೆಗೆ ತೇಪೆ ಹಾಕಿದ ಕಂತಬಲೆ. ಬೆಲೆ ಎಷ್ಟು ಎಂದು ಬರೆಯುವುದಿಲ್ಲ. ನನ್ನ ಮಾವನೂ ಇಲ್ಲಿ ಓದುತ್ತಾರೆ. ಮಗಳ ಬಳೆ ಎಲ್ಲಿ ಎಂದು ಅವರು ಇನ್ನೂ ಕೇಳಿಲ್ಲ.

ಸೊಸೈಟಿಯಲ್ಲಿ ಕುಳಿತು ಬೇರೆಯವರ ಬೋಟ್ ಸಾಲದ ಫೈಲು ಬರೆದವನು ನಾನು. ಕಾಗದದ ಮೇಲೆ ಎಷ್ಟು ಬೋಟು ನೋಡಿದ್ದೇನೋ. ನೀರಿನ ಮೇಲೆ ನೋಡಿದ್ದು ಕಡಿಮೆ. ಐದನೇ ಕ್ಲಾಸಿನ ಪ್ರವಾಸದ ಸುದ್ದಿ ನೀನು ಇಲ್ಲಿ ತೆಗೆಯಬೇಡ, ನಾನೇ ಒಪ್ಪುತ್ತೇನೆ. ಗಂಗೊಳ್ಳಿ ಹೊಳೆ ದಾಟುವ ದೋಣಿಯಲ್ಲೂ ನನಗೆ ವಾಂತಿ ಬರುತ್ತದೆ. ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಹುಟ್ಟಿ ಹೀಗೆ.

ಹಾಗಾಗಿ ನೋಡಲು ಹೋಗುವಾಗ ಅಪ್ಪಯ್ಯನ ಜೊತೆ ಕಡಲಿಗೆ ಹೋಗುತ್ತಿದ್ದ ಅಜ್ಜನನ್ನು ಕರೆದುಕೊಂಡು ಹೋದೆ. ಮಾರುವವನು ಹೊಸ ಪೇಂಟ್ ಹೊಡೆಸಿ, ಮೂತಿಗೆ ಹೂ ಹಾಕಿ ನಿಲ್ಲಿಸಿದ್ದ. ನಾನು ಫೋಟೋ ತೆಗೆಯುತ್ತಿದ್ದೆ. ಅಜ್ಜ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಹಿಂದಕ್ಕೆ ಹೋಗಿ, ಎಂಜಿನ್ ಕಚ್ಚಿಸುವ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ಕುಟ್ಟಲು ಶುರು ಮಾಡಿದರು. "ಹ್ವಾಯ್, ಫೈಬರ್ ಕಾಂಬುಕೆ ಚಂದ. ಒಳಗಿನ ಹಲ್ಗಿ ಕಾಣಿ" ಅಂದರು.

ಅಲ್ಲಿ ಫೈಬರಿನ ಒಳಗೆ ಪ್ಲೈವುಡ್ ಇರುತ್ತದೆ. ಎಂಜಿನ್ನಿನ ಬೋಲ್ಟಿನ ತೂತಿನಿಂದ ನೀರು ಇಳಿದರೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಹಲಗೆ ಕೊಳೆಯುತ್ತಾ ಹೋಗುತ್ತದೆ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಕೊಳೆತಿದ್ದರೆ ಡಬ್. ಅದಕ್ಕೂ ಮೊದಲು ನೋಡಿದ ಎರಡು ದೋಣಿ ಡಬ್ ಅಂದಿದ್ದವು. ಒಬ್ಬ ಅಂತೂ ಹುಳ ತಿಂದ ಮರದ ದೋಣಿಗೆ ಮೇಲಿಂದ ಫೈಬರ್ ಹೊದೆಸಿ ಮಾರಲು ಕೂತಿದ್ದ. ಇದು ಟಣ್ ಅಂದಿತು. ಒಂದು ಮೂಲೆ ಬಿಟ್ಟು. ಆ ಮೂಲೆಯ ಹೆಸರಲ್ಲಿ ಅಜ್ಜ ಬೆಲೆ ಇಳಿಸಿದರು. ನಾನು ಹೆಮ್ಮೆಯಿಂದ ಪಕ್ಕದಲ್ಲಿ ನಿಂತಿದ್ದೆ, ಕುಟ್ಟಿದ್ದು ನಾನೇ ಎನ್ನುವ ಹಾಗೆ.

ಆಮೇಲೆ ಎಂಜಿನ್. ಬಿಸಿ ಇರುವ ಎಂಜಿನ್ ತೋರಿಸಿದರೆ ನಂಬಬಾರದಂತೆ. ತಣ್ಣಗಿರುವಾಗ ನಮ್ಮ ಕೈಯಿಂದಲೇ ಹಗ್ಗ ಎಳೆದು ಚಾಲೂ ಮಾಡಬೇಕು. ಪೆಟ್ರೋಲಿನಲ್ಲಿ ಶುರು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್. ಅಷ್ಟೂ ಹೊತ್ತು ಪಕ್ಕದಿಂದ ನೀರು ಸಣ್ಣ ಧಾರೆಯಾಗಿ ಚಿಮ್ಮುತ್ತಿರಬೇಕು. ಧಾರೆ ನಿಂತರೆ ಎಂಜಿನ್ನಿಗೆ ತಂಪು ಸಿಗುತ್ತಿಲ್ಲ ಎಂದು ಅರ್ಥ. ಅಜ್ಜ ಅದಕ್ಕೆ ಬಳಸಿದ ಮಾತು ಇಲ್ಲಿ ಬೇಡ, ಹೆಂಗಸರೂ ಮಕ್ಕಳೂ ಓದುತ್ತಾರೆ. ಕೊನೆಗೆ ಕೆಳಗಿನ ಗೇರ್ ಆಯಿಲ್ ಎರಡು ಹನಿ ಬಿಟ್ಟು ನೋಡಿದರು. ನಮ್ಮ ಕ್ಯಾಂಟೀನಿನ ಚಾದ ಬಣ್ಣಕ್ಕೆ ಬಂದಿದ್ದರೆ ಒಳಗೆ ಉಪ್ಪುನೀರು ಹೋಗಿದೆ, ಎದ್ದು ಬನ್ನಿ ಎಂದು ಮೊದಲೇ ಹೇಳಿದ್ದರು. ಬಂದಿರಲಿಲ್ಲ. ಬಂದಿದ್ದರೆ ಈ ಪತ್ರವೂ ಇರುತ್ತಿರಲಿಲ್ಲ.

ಕಾಗದದ ಕೆಲಸದಲ್ಲಿ ಮಾತ್ರ ನಾನು ಹುಲಿ. ರಿಜಿಸ್ಟ್ರೇಷನ್, ಎಂಜಿನ್ ನಂಬರು, ಸೀಮೆಎಣ್ಣೆಯ ರಹದಾರಿ, ಎಲ್ಲ ತಾಳೆ ನೋಡಿದೆ. ನಿನ್ನ ಮುಂಬೈಗೆ 2008ರಲ್ಲಿ ಉಗ್ರರು ಗುಜರಾತಿನ ಮೀನಿನ ಬೋಟನ್ನೇ ಹಿಡಿದುಕೊಂಡು ಬಂದರಲ್ಲ, ಆ ಕುಬೇರ್, ಅಂದಿನಿಂದ ಕರಾವಳಿಯಲ್ಲಿ ಇದೆಲ್ಲ ಬಿಗಿ. ದೋಣಿಗೂ ನಂಬರು, ಜನಕ್ಕೂ ಗುರುತಿನ ಚೀಟಿ.

ಹೀಗೆ ನಾನು ದಣಿಯಾದೆ. ದೋಣಿ ನಡೆಸುವ ತಾಂಡೇಲ ಯಾರು ಗೊತ್ತಾ? ನಮ್ಮ ಕ್ಲಾಸಿನ ಮೂರನೇ ಬಾಳೆಹಣ್ಣು. ಅವನೇ. ನೋಡಿದ ಕೂಡಲೇ "ಬನ್ನಿ ದಣಿ, ಕೂಕಣಿ" ಅಂದ. ತಮಾಷೆಗೆ ಅಂತಲೇ ಅಂದುಕೊಂಡೆ. ಅವನ ಜೊತೆಗಿನ ಹುಡುಗರೂ ಹಾಗೇ ಕರೆದರು. ಅವರು ತಮಾಷೆಗೆ ಅಂದದ್ದಲ್ಲ.

ಪಾಲಿನ ಲೆಕ್ಕ ನಿನಗೆ ಗೊತ್ತಿರುವುದೇ. ಎಣ್ಣೆ, ಐಸು, ಚಾ-ತಿಂಡಿ ಕಳೆದು ಉಳಿದದ್ದರಲ್ಲಿ ಅರ್ಧ ಜನಕ್ಕೆ. ಇನ್ನರ್ಧ ದೋಣಿಗೆ, ಎಂಜಿನ್ನಿಗೆ, ಬಲೆಗೆ. ಸಣ್ಣವನಿರುವಾಗ ಅಪ್ಪಯ್ಯ ಒಂದು ಪಾಲು ಹಿಡಿದು ಬಂದು ಚಾವಡಿಯಲ್ಲಿ ಕೂತು ಬಯ್ಯುತ್ತಿದ್ದುದು ನೆನಪಿದೆಯಾ? "ಎಂಜಿನ್ ಅನ್ನ ಉಣ್ತದಾ? ಅದಕ್ಕೆ ಎಂತಕ್ಕೆ ಪಾಲು?" ಈಗ ಎಂಜಿನ್ನಿನ ಅನ್ನ ನಾನು ಉಣ್ಣುತ್ತಿದ್ದೇನೆ. ರುಚಿ ಇದೆ ಮಾರಾಯ, ಸುಳ್ಳು ಯಾಕೆ ಹೇಳಲಿ.

ಹೇಳಬೇಕೆಂದು ಕೂತದ್ದು ಇಷ್ಟೇ. ಆದರೆ ಮೊನ್ನೆಯದೊಂದು ಹೊಟ್ಟೆಯಲ್ಲೇ ಇದೆ.

ಹತ್ತು ಗಂಟೆಗೆಲ್ಲ ಬರಬೇಕಾದ ದೋಣಿ ಮಧ್ಯಾಹ್ನವಾದರೂ ಬರಲಿಲ್ಲ. ಗಾಳಿ ಪಡುವಣಕ್ಕೆ ತಿರುಗಿತ್ತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಿಳಿ ನೊರೆ ಏಳುತ್ತಿತ್ತು. ಫೋನ್ ಸಿಗುತ್ತಿಲ್ಲ. ಸೊಸೈಟಿಗೆ ಅರ್ಧ ದಿನ ರಜೆ ಹಾಕಿ, ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ನಿಂತೆ. ಕೊನೆಗೊಮ್ಮೆ ಕಾಲ್ ಹೋಯಿತು. ನನ್ನ ಬಾಯಿಂದ ಬಂದ ಮೊದಲ ಮಾತು, "ಎಂಜಿನ್ ಕೈ ಕೊಟ್ಟಿತಾ?"

"ಎಂಜಿನ್ ಸಮಾ ಇತ್ತ್ ದಣಿ. ಬಲೆ ಕಲ್ಲಿಗೆ ಸಿಕ್ಕಿತ್" ಅಂದ.

ಎರಡನೇ ಮಾತು, "ಎಷ್ಟು ಹರೀತು?"

ಅವನು ಉದ್ದ ಅಳತೆ ಹೇಳಿದ. ನಾನು ಮನಸ್ಸಲ್ಲೇ ದುಡ್ಡಿಗೆ ತಿರುಗಿಸಿದೆ. ಮನೆಗೆ ಬಂದಾಗ ಅಬ್ಬಿ (ಅಮ್ಮ) ಬಾಗಿಲಲ್ಲೇ ನಿಂತಿದ್ದರು. ಅವರು ಕೇಳಿದ್ದು, "ಜನ ಎಲ್ಲ ಬಂದ್ರಾ?"

ಬಂದಿದ್ದರು. ಎಲ್ಲರೂ ಚಾ ಕುಡಿಯುತ್ತಿದ್ದರು. ಆದರೆ ಅದನ್ನು ನಾನು ಕೇಳಿರಲೇ ಇಲ್ಲ.

ಅಂದು ರಾತ್ರಿ ನಿದ್ದೆ ಬಾರದೆ ನನ್ನ ಲೆಕ್ಕದ ಹಾಳೆ ತೆಗೆದೆ. ದೋಣಿ ಕೊಳ್ಳುವ ಮೊದಲು ಕಂಪ್ಯೂಟರಿನಲ್ಲಿ ಮಾಡಿದ್ದು, ನಿನಗೂ ಕಳಿಸಿದ್ದೆ, ನೀಲಿ ಗೀಟು. ಅದರಲ್ಲಿ ಸಾಲ ತೀರುವುದು ಯಾವಾಗ ಗೊತ್ತಾ? ಜೂನ್ 1ರಿಂದ ಜುಲೈ 31ರವರೆಗೆ. ಆ 61 ದಿನ ದೊಡ್ಡ ಬೋಟುಗಳಿಗೆಲ್ಲ ನಿಷೇಧ. ಹತ್ತು ಅಶ್ವಶಕ್ತಿಯ ಒಳಗಿನ ನಾಡದೋಣಿಗೆ ಮಾತ್ರ ಕಡಲಿಗೆ ಇಳಿಯಲು ಬಿಡುತ್ತಾರೆ. ಮಾರ್ಕೆಟಿನಲ್ಲಿ ಮೀನಿಲ್ಲ, ಬಂಗುಡೆಗೂ ಚಟ್ಲಿಗೂ ಒಳ್ಳೆ ರೇಟು. 9.9ರ ಎಂಜಿನ್ನೇ ಬೇಕೆಂದು ಹಟ ಹಿಡಿದು ಹುಡುಕಿದ್ದು ಅದಕ್ಕೇ. ಆ ಎರಡು ತಿಂಗಳಿಗೆ ಹಳದಿ ಬಣ್ಣ ಬೇರೆ ಹಾಕಿದ್ದೆ.

ಕಡಲು ವರ್ಷದಲ್ಲಿ ಅತಿ ಕೆಟ್ಟಿರುವುದೂ ಆ ಎರಡು ತಿಂಗಳೇ. ಅಳಿವೆ ದಾಟುವುದೇ ಒಂದು ಕಂಟಕ ಆಗ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಅದನ್ನು ಕೇಳಿಕೊಂಡೇ ಬೆಳೆದವನು. ಆದರೂ ಹಾಳೆಯಲ್ಲಿ ಗಾಳಿಗೆ ಒಂದು ಕಾಲಂ ಇರಲಿಲ್ಲ. ಲೈಫ್ ಜಾಕೆಟ್ ಕೊನೆಯ ಸಾಲಿನಲ್ಲಿತ್ತು. ಪಕ್ಕದಲ್ಲಿ "ನೋಡುವಾ" ಎಂದು ಬರೆದಿದ್ದೆ.

ಸುವರ್ಣ ತ್ರಿಭುಜ ನೆನಪಾಯಿತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಬೋಟು, ಏಳು ಜನ. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿತು. ಆ ಬೋಟಿನ ಮಾಲೀಕರೂ ಅದರಲ್ಲೇ ಇದ್ದರು. ಅವರು ಹೋಗಿದ್ದರು ಕೊಕ್ಕರೆ. ನಾನು ಗಂಗೊಳ್ಳಿ ಹೊಳೆಯಲ್ಲಿ ವಾಂತಿ ಮಾಡುವವನು, ನಾನು ಹೋಗುವುದಿಲ್ಲ. ಫ್ಯಾನಿನ ಕೆಳಗೆ ಕೂತು ಹಳದಿ ಬಣ್ಣ ಹಾಕುತ್ತೇನೆ. ಅಪ್ಪಯ್ಯ ಚಾವಡಿಯಲ್ಲಿ ಕೂತು ಬಯ್ಯುತ್ತಿದ್ದ ದಣಿಯೂ ಕೆಟ್ಟವನೇನಾಗಿರಲಿಲ್ಲ, ಅವನೂ ಲೆಕ್ಕವನ್ನಷ್ಟೇ ನೋಡುತ್ತಿದ್ದನೋ ಏನೋ.

ಸಾಕು. ಇಷ್ಟು ಬರೆಯಬೇಕೆಂದು ಇರಲಿಲ್ಲ. ಮಾವ, ನೀವು ಮೇಲಿನ ನಾಲ್ಕು ಪ್ಯಾರಾ ಬಿಟ್ಟು ಓದಿ.

ಲೈಫ್ ಜಾಕೆಟ್ ತಂದುಕೊಟ್ಟೆ, ಜನಕ್ಕೊಂದರಂತೆ. ನಾನೇನೋ ದೊಡ್ಡ ಪುಣ್ಯದ ಕೆಲಸ ಮಾಡಿದವನ ಹಾಗೆ ನಿಂತಿದ್ದೆ. ಮೂರನೇ ಬಾಳೆಹಣ್ಣು ಒಂದನ್ನು ಮಡಚಿ ತಲೆಯಡಿ ಇಟ್ಟುಕೊಂಡು, "ದಿಂಬು ಲಾಯ್ಕ್ ಇತ್ತ್ ದಣಿ" ಎಂದು ಮಲಗಿದ. ಇವನನ್ನು ಕಡಲಲ್ಲಿ ಕಾಪಾಡಲು ನನ್ನಿಂದಾಗದು, ನಮ್ಮ ಲೆಕ್ಕದ ಮಾಸ್ತರರಿಂದಲೇ ಆಗಲಿಲ್ಲ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ದೋಣಿಗೆ ಹೆಸರು ಬರೆಸಬೇಕು. ಹೆಂಡತಿ ಒಂದು ಹೇಳುತ್ತಾಳೆ, ಅಬ್ಬಿ ಇನ್ನೊಂದು. ಪೇಂಟಿನವನು ಅಕ್ಷರಕ್ಕೆ ಇಷ್ಟು ಎಂದು ರೇಟು ಹೇಳಿದ್ದಾನೆ, ಹಾಗಾಗಿ ಉದ್ದದ್ದು ಬೇಡ. ನಿನ್ನ ಬಾಯಲ್ಲಿ ಬರುವ ಹೆಸರು ಯಾವುದು ಎಂದು ನನಗೆ ಚೆನ್ನಾಗಿ ಗೊತ್ತು. ದಯವಿಟ್ಟು ಕೆಳಗೆ ಕಾಮೆಂಟಿನಲ್ಲಿ ಹಾಕಬೇಡ, ಹೆಂಡತಿ ನೋಡುತ್ತಾಳೆ. ವಾಟ್ಸಾಪ್ ಮಾಡು. ನಾನೂ ನೀಲಿ ಗೀಟು ಕೊಡುತ್ತೇನೆ.

ನಿನ್ನ,
ದಣಿ (ಐದನೇ ಕ್ಲಾಸು, ಕಿಟಕಿ ಪಕ್ಕ)