ಭಾನುವಾರದ ಬರವಣಿಗೆಗೆ ಕವಡೆಯ ಶಬ್ದಗಳು

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರಗಳು. ಬರುವ ಭಾನುವಾರ ವಿಜಯಪುರದ ಬಿಸಿಲು ಇಳಿದ ಮೇಲೆ, ಸಂಜೆ 6 ಗಂಟೆಗೆ, ಎಂದಿನಂತೆ ನಮ್ಮ ಮನೆಯ ಮಾಳಿಗೆಯ ಮೇಲೆ ಸೇರೋಣ. ಈ ಸಲ ಯಾರೂ ವಿಷಯ ಸೂಚಿಸಬೇಕಾಗಿಲ್ಲ. ಚೌಕಾಬಾರದ ನಾಲ್ಕು ಕವಡೆಗಳನ್ನು ಮೂರು ಸಲ ಉರುಳಿಸಿ, ಬಿದ್ದ ಅಂಕಿಗಳನ್ನು ಜೋಡಿಸಿ, ನಿಘಂಟಿನ ಆ ಪುಟದ ಮೊದಲ ಶಬ್ದವನ್ನು ಆರಿಸಬೇಕು. ಹೀಗೆಯೇ ಮೂರು ಬಾರಿ ಮಾಡಿ ದೊರೆತ ಮೂರು ಶಬ್ದಗಳಿಂದ ಪ್ರತಿಯೊಬ್ಬರೂ ಒಂದು ಪುಟ ಬರೆಯಬೇಕೆಂದು ವಿನಂತಿ.

ಹಾಡುಗಳನ್ನು ಕಲಸಿ ಕೇಳಿಸುವ ಮೊಬೈಲಿನ ಷಫಲ್ ಕೆಟ್ಟಿದೆಯೆಂದು ಕೆಲವರು ದೂರಿದ್ದರಿಂದ ಈ ಯೋಚನೆ ಹುಟ್ಟಿತು. ನನಗೂ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಒಬ್ಬರದೇ ದನಿ ಬೆನ್ನುಬೆನ್ನಿಗೆ ಕೇಳಿ ಬೇಸರವಾಗಿತ್ತು. ಆದರೆ ನಾಲ್ವರು ಗಾಯಕರ ತಲಾ 10 ಹಾಡುಗಳನ್ನು ನಿಜವಾಗಿಯೂ ಕಲಸಿಟ್ಟರೆ, ಒಂದು ಹಾಡಿನ ಹಿಂದೆಯೇ ಅದೇ ಗಾಯಕರ ಇನ್ನೊಂದು ಹಾಡು ಬರುವ ಸಾಧ್ಯತೆ 39ರಲ್ಲಿ 9 ಇರುತ್ತದೆ. ಕೇಳುಗರ ಇಂಥ ತಕರಾರಿನಿಂದಲೇ ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ, ಒಬ್ಬರ ಹಾಡುಗಳು ದೂರದೂರ ಬೀಳುವಂತೆ ತಾನು ಕಲಸುವ ಹೊಸ ಕ್ರಮವನ್ನು 2014ರಲ್ಲಿ ವಿವರಿಸಿತು. ನಮ್ಮ ಕವಡೆಗಳಿಗೆ ಅಷ್ಟು ದಾಕ್ಷಿಣ್ಯವಿಲ್ಲ.

ಒಲ್ಲದ ಶಬ್ದ ಬಂದರೆ ಮತ್ತೆ ಉರುಳಿಸಲು ಅವಕಾಶವಿಲ್ಲ. ಮನೆಯಲ್ಲಿ ಪರೀಕ್ಷಿಸಿದಾಗ ನನಗೆ ಕುಂಟೆ, ಗ್ರಹಣ, ಅಳಿಯ ಎಂಬ ಶಬ್ದಗಳು ಬಂದವು. ಆ ಅಳಿಯನನ್ನು ಹೊಲಕ್ಕೆ ಇಳಿಸುವುದರಲ್ಲಿಯೇ ಒಂದು ತಾಸು ಕಳೆಯಿತು. ನಿಘಂಟು, ಕವಡೆ ಇಲ್ಲಿವೆ. ಹಾಳೆ ಮತ್ತು ಪೆನ್ನು ತಾವೇ ತರಬೇಕು.